15 ಲಕ್ಷಕ್ಕೆ 2015ರ ಬೆಂಜ್ ಇ ಕ್ಲಾಸ್: ತೀರ್ಥಹಳ್ಳಿ ಕಡೆ ಇಟ್ಟುಕೊಳ್ಳಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮನೆಯಲ್ಲಿ ಒಂದು ಬೊಲೆರೊ, ಒಂದು ಹಳೇ ಸ್ವಿಫ್ಟ್ ಇದೆ. ಅಪ್ಪನಿಗೆ ಮೊದಲಿನಿಂದಲೂ ಬೆಂಜ್ ಕಾರಿನ ಆಸೆ. ಈಗ ವಯಸ್ಸು ಎಪ್ಪತ್ತು ದಾಟಿದೆ. ಕಾಲುನೋವು ಬೇರೆ, ಬೊಲೆರೊ ಹತ್ತಿ ಇಳಿಯೋದೇ ಕಷ್ಟ. ಈ ಸಲ ಅಡಿಕೆಗೆ ರೇಟು ಚೆನ್ನಾಗಿ ಸಿಕ್ಕಿದೆ. ಅವರು ಓಡಾಡುವಾಗಲೇ ತಗೊಂಡುಬಿಡೋಣ ಅಂತ ನನಗೆ.

ಬೆಂಗಳೂರಿನಲ್ಲಿ ಒಂದು ಗಾಡಿ ನೋಡಿದ್ದೇನೆ. 2015ರ ಇ 250 ಸಿಡಿಐ, ಡೀಸೆಲ್, ಬಿಳಿ ಬಣ್ಣ, ಕೆಎ 03 ನಂಬರು, ಎರಡನೇ ಓನರ್, ಮೀಟರಿನಲ್ಲಿ 78,000 ಕಿ.ಮೀ. ಕೇಳುತ್ತಿರುವುದು 15 ಲಕ್ಷ. ಇನ್ನೊಬ್ಬ ಬ್ರೋಕರ್ ಇದೇ ಮಾಡೆಲ್‌ನ ದೆಹಲಿ ಗಾಡಿಯನ್ನ 9 ಲಕ್ಷಕ್ಕೆ ಕೊಡಿಸ್ತೀನಿ ಅನ್ನುತ್ತಿದ್ದಾನೆ. ನಮ್ಮ ಭಾವ ಮಾತ್ರ, "ಆ ದುಡ್ಡಿಗೆ ಶೋರೂಮಿನಿಂದ ಹೊಸ ಗಾಡಿನೇ ಬರುತ್ತಲ್ಲ ಮಾರಾಯ, ಯಾಕೆ ಬೇಕು ಈ ಉಸಾಬರಿ" ಅಂತಾರೆ.

ತಿಂಗಳಿಗೆ ಸಾವಿರ ಕಿ.ಮೀ. ಓಡಬಹುದು. ಶಿವಮೊಗ್ಗ, ಮಣಿಪಾಲ ಆಸ್ಪತ್ರೆ, ವರ್ಷಕ್ಕೆ ಒಂದೆರಡು ಸಲ ಬೆಂಗಳೂರು. ಮೇನ್ ರೋಡಿನಿಂದ ಮನೆಗೆ ಒಂದು ಕಿ.ಮೀ. ಮಣ್ಣಿನ ದಾರಿ ಇದೆ. ಮಳೆಗಾಲ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಇಂಥ ಗಾಡಿ ಇಟ್ಟುಕೊಂಡವರು ನಿಜ ಪರಿಸ್ಥಿತಿ ಹೇಳಿ.

ಮೈಸೂರು ಕ್ಯಾಮ್ರಿ

ನಿಮ್ಮ ಆಸೆಗೆ ತಣ್ಣೀರು ಎರಚೋದಕ್ಕೆ ಹೇಳ್ತಿಲ್ಲ. ಆದರೂ ಒಂದು ಸಲ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ನೋಡಿ. ನನ್ನದು 2019ರದ್ದು. ಬಿಡದಿಯಲ್ಲೇ ಜೋಡಿಸಿದ ಗಾಡಿ. ಕಂಪನಿ ಲೆಕ್ಕದಲ್ಲಿ ಲೀಟರಿಗೆ 23.27 ಕಿ.ಮೀ., ನನಗೆ ಊರೊಳಗೆ 17ರ ಆಸುಪಾಸು ಬರುತ್ತೆ. ಹಿಂದಿನ ಸೀಟು ಸೋಫಾ ಇದ್ದ ಹಾಗಿದೆ. ಸರ್ವಿಸ್ ಬಿಲ್ ನೋಡಿ ಎದೆ ಹೊಡೆದುಕೊಂಡಿದ್ದು ಇದುವರೆಗೂ ಇಲ್ಲ.

ಹೈಬ್ರಿಡ್ ಬ್ಯಾಟರಿ ತಂಪಾಗೋಕೆ ಕ್ಯಾಬಿನ್ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತೆ. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತೆ, ಅಲ್ಲಿ ಬ್ಯಾಗು, ಬೆಡ್‌ಶೀಟು ಒತ್ತಿ ಇಡಬಾರದು. ಫಿಲ್ಟರ್ ಆಗಾಗ ಕ್ಲೀನ್ ಮಾಡಿಸಬೇಕು. ನಾನು ವಿಶೇಷವಾಗಿ ಗಮನ ಕೊಡೋದು ಇದಕ್ಕೆ ಮಾತ್ರ. 15ಕ್ಕೆ 2019ರ ಗಾಡಿ ಬರೋದು ಕಷ್ಟ, ಹಿಂದಿನ ಮಾಡೆಲ್ ಸಿಗಬಹುದು.

ವಿಲ್ಸನ್ ಗಾರ್ಡನ್ ಗ್ಯಾರೇಜ್

ಸರ್, ಬೆಂಗಳೂರಿನ ವಿಲ್ಸನ್ ಗಾರ್ಡನ್ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಜರ್ಮನ್ ಗಾಡಿಗಳ ಕೆಲಸವೇ ಜಾಸ್ತಿ. ನೀವು ಹೇಳಿದ ಮಾಡೆಲ್ ನಮ್ಮ ಲಿಫ್ಟ್ ಮೇಲೆ ಆಗಾಗ ಹತ್ತುತ್ತಲೇ ಇರುತ್ತೆ. ಕ್ಯಾಮ್ರಿ ಒಳ್ಳೇ ಗಾಡಿ, ಒಪ್ಪುತ್ತೇನೆ. ಆದರೆ ನಿಮ್ಮ ತಂದೆ ಆಸೆಪಟ್ಟಿರೋದು ಬೆಂಜ್ ಅಲ್ವಾ, ಅದನ್ನೇ ನೋಡೋಣ.

ಮೊದಲು ದುಡ್ಡಿನ ಮಾತು. ಹೊಸದರಲ್ಲಿ ಅರ್ಧ ಕೋಟಿಯ ಹತ್ತಿರ ಇದ್ದ ಕಾರು ಈಗ 15 ಲಕ್ಷಕ್ಕೆ ಇಳಿದಿದೆ. ಅದರ ಸ್ಪೇರ್ ಪಾರ್ಟಿನ ರೇಟು ಇಳಿದಿಲ್ಲ. ಈ ಮಾಡೆಲ್‌ನ ಒಂದು ಎಲ್‌ಇಡಿ ಹೆಡ್‌ಲ್ಯಾಂಪ್ ಹೊಸದಾಗಿ ತಗೊಂಡರೆ ಲಕ್ಷ ದಾಟುತ್ತೆ. ನಾಲ್ಕು ಒಳ್ಳೇ ಟೈರಿಗೆ ಅರ್ಧ ಲಕ್ಷಕ್ಕೂ ಮೇಲೆ. ಹಾಗಾಗಿ ನಿಮ್ಮ ಕೈಯಲ್ಲಿ 15 ಲಕ್ಷ ಇದ್ದರೆ 12–13 ಲಕ್ಷದ ಗಾಡಿ ನೋಡಿ, ಉಳಿದದ್ದು ಬ್ಯಾಂಕಿನಲ್ಲಿರಲಿ. ಮೊದಲ ವರ್ಷ ಒಂದೂವರೆಯಿಂದ ಎರಡು ಲಕ್ಷ ಕೈಬಿಡುತ್ತೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಿಂದಿನ ಓನರ್ ಮುಂದೂಡಿದ ಕೆಲಸವೆಲ್ಲ ನಿಮ್ಮ ಪಾಲಿಗೇ ಬರೋದು.

ಹತ್ತು ವರ್ಷಕ್ಕೆ 78,000 ಅಂದರೆ ಕಡಿಮೆ. ಅದು ನಿಜವೇ ಆಗಿದ್ದರೂ ಸಂತೋಷಪಡೋಕೆ ಮುಂಚೆ ಒಂದು ವಿಷಯ ಕೇಳಬೇಕು. ಓಡದೆ ನಿಂತಿದ್ದಾಗ ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಿದ್ದಾರಾ? ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ? ಸಿಟಿಯಲ್ಲಿ ಕಡಿಮೆ ಓಡಿಸಿ ಸರ್ವಿಸ್ ತಪ್ಪಿಸಿದ ಗಾಡಿಗಿಂತ, ಹೈವೇಯಲ್ಲಿ ಒಂದೂವರೆ ಲಕ್ಷ ಓಡಿ ಎಲ್ಲ ಬಿಲ್ಲೂ ಇಟ್ಟಿರುವ ಗಾಡಿಯನ್ನ ನಾನು ಕಣ್ಣುಮುಚ್ಚಿ ಆರಿಸುತ್ತೇನೆ. ಬೆಂಜ್‌ನ ಸರ್ವಿಸ್ ದಾಖಲೆ ಕಂಪ್ಯೂಟರಿನಲ್ಲಿ ಚಾಸಿಸ್ ನಂಬರಿನ ಮೇಲೆ ಇರುತ್ತೆ. ನಿಮಗೆ ಕೊಡಲ್ಲ, ಓನರ್ ಕೇಳಿದರೆ ಕೊಡುತ್ತಾರೆ. ಅದನ್ನ ತೆಗೆಸಿಕೊಡಿ, ಆಮೇಲೆ ಟೋಕನ್ ಅಡ್ವಾನ್ಸ್ ಅಂತ ನೇರವಾಗಿ ಹೇಳಿ. ಮೀಟರ್ ತಿರುಗಿಸಿದ್ದಾರಾ ಅನ್ನೋದು ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿದಾಗಲೂ ಎಷ್ಟೋ ಸಲ ಸಿಕ್ಕಿಬೀಳುತ್ತೆ. ಡ್ರೈವರ್ ಸೀಟಿನ ಹೊರ ಅಂಚು, ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗ್ ಚರ್ಮ ಇವು ಸವೆದು ಹೊಳೀತಿದ್ದರೆ 78,000 ಅಂತ ನಂಬೋದು ಕಷ್ಟ.

ನೋಡೋಕೆ ಹೋಗೋದು ಬೆಳಗ್ಗೆ, ಮುಂಚೆ ಫೋನ್ ಮಾಡಿ "ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೀನಿ ಅಂತ ವಾಪಸ್ ಬನ್ನಿ. ಈ ಇಂಜಿನ್ನಿನ ಟೈಮಿಂಗ್ ಚೈನ್ (ಒಳಗಿನ ಭಾಗಗಳನ್ನ ಒಂದೇ ತಾಳಕ್ಕೆ ತಿರುಗಿಸೋ ಸರಪಳಿ) ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇರೋದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡು ಅಲ್ಲಿಂದ "ಗರಗರ" ಅಂತ ಚೈನ್ ಅಲ್ಲಾಡುವ ಸದ್ದು ಬಂದರೆ ದೊಡ್ಡ ಖರ್ಚು ಕಾದಿದೆ ಅಂತ ಅರ್ಥ. ಬಿಸಿಯಾದ ಮೇಲೆ ಆ ಸದ್ದು ಕೇಳಿಸದೆ ಹೋಗಬಹುದು.

ಆಮೇಲೆ ಗೇರ್‌ಬಾಕ್ಸ್. ಬ್ರೇಕ್ ಒತ್ತಿ ಪಾರ್ಕಿನಿಂದ ಡ್ರೈವ್‌ಗೆ, ಅಲ್ಲಿಂದ ರಿವರ್ಸ್‌ಗೆ ಹಾಕಿ. ತಡ ಮಾಡದೆ, ಹಿಂದಿನಿಂದ ಗುದ್ದಿದ ಹಾಗೆ ಆಗದೆ ಬೀಳಬೇಕು. ಇದರದ್ದು 7ಜಿ ಟ್ರಾನಿಕ್ ಪ್ಲಸ್, ಅಂದರೆ ಏಳು ಗೇರಿನ ಆಟೊಮ್ಯಾಟಿಕ್. ಇದರ ಆಯಿಲ್ ಬದಲಾಯಿಸೋಕೆ ಕಂಪನಿ 1,25,000 ಕಿ.ಮೀ. ಕೊಟ್ಟಿದೆ. ನಮ್ಮ ಬಿಸಿಲು, ನಮ್ಮ ಟ್ರಾಫಿಕ್ ನೋಡಿದ ಮೇಲೆ ನಾನು 60–70 ಸಾವಿರಕ್ಕೇ ಆಯಿಲ್, ಫಿಲ್ಟರ್ ಬದಲಾಯಿಸಿ ಅಂತೀನಿ. ಪ್ಲಸ್‌ಗೆ ಹಾಕೋದು ನೀಲಿ ಬಣ್ಣದ ಆಯಿಲ್, ಡಬ್ಬಿ ಮೇಲೆ ಬೆಂಜ್ ಒಪ್ಪಿಗೆಯ ನಂಬರು 236.15 ಅಂತ ನಮೂದು ಇರಬೇಕು. ಹಳೇ ಗೇರ್‌ಬಾಕ್ಸಿನ ಕೆಂಪು ಆಯಿಲ್ ಹಾಕಿದವರನ್ನ ನೋಡಿದ್ದೇನೆ, ಅದಕ್ಕೇ ಹೇಳ್ತಿರೋದು. ಇಂಜಿನ್ ಆಯಿಲ್ 6.5 ಲೀಟರ್ ಹಿಡಿಸುತ್ತೆ. ಡಬ್ಬಿ ಮೇಲೆ 229.51 ಅಥವಾ 229.52 ಅಂತ ಇರಲಿ.

ಮಲೆನಾಡಿನಲ್ಲಿ ಇಡೋದಾದರೆ ಮುಖ್ಯವಾಗಿ ನೀರು, ಎಲೆ. ಸನ್‌ರೂಫ್‌ನ ನಾಲ್ಕು ಮೂಲೆಯಲ್ಲೂ ನೀರು ಇಳಿಯೋ ಸಣ್ಣ ತೂತು ಇರುತ್ತೆ, ಅಲ್ಲಿಂದ ಪೈಪು ಕೆಳಗೆ ಹೋಗುತ್ತೆ. ವೈಪರಿನ ಕೆಳಗೂ ನೀರು ಹರಿಯೋ ದಾರಿ ಇದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ, ಹೂವು, ಧೂಳು ಸೇರಿ ಇದೆಲ್ಲ ಕಟ್ಟಿಕೊಳ್ಳುತ್ತೆ. ಆಮೇಲೆ ನೀರು ಒಳಗೆ ಇಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತೆ. ಮೇಲಿಂದ ಒಣಗಿದ ಹಾಗೆ ಕಾಣುತ್ತೆ, ಕೆಳಗಿನ ಸ್ಪಂಜು ವಾರಗಟ್ಟಲೆ ಒದ್ದೆ ಇರುತ್ತೆ. ವೈರಿಂಗ್ ಕನೆಕ್ಟರು ಅಲ್ಲೇ ಹಸಿರು ಹಿಡಿಯೋದು. ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ನೋಡಬಹುದು. ಸನ್‌ರೂಫ್ ತೆಗೆದು ಮೂಲೆಗೆ ಅರ್ಧ ಲೋಟ ನೀರು ನಿಧಾನಕ್ಕೆ ಬಿಡಿ. ಗಾಡಿ ಕೆಳಗೆ ಸುರಿದರೆ ಸರಿ. ಮೂಲೆಯಲ್ಲೇ ನಿಂತರೆ ಕಟ್ಟಿದೆ. ಕಂಪ್ರೆಸರ್ ಗಾಳಿ ಮಾತ್ರ ಹೊಡೆಸಬೇಡಿ, ಪೈಪು ಒಳಗೇ ಬಿಟ್ಟುಕೊಳ್ಳುತ್ತೆ. ತೆಳ್ಳಗಿನ ನೈಲಾನ್ ದಾರ ಹಾಕಿ ಮೆಲ್ಲಗೆ ಬಿಡಿಸಬೇಕು. ಇಲಿ ಕಾಟ ಇದ್ದರೆ ಶೆಡ್ಡಿನಲ್ಲಿ ಅಡಿಕೆ ಚೀಲದ ಪಕ್ಕ ನಿಲ್ಲಿಸಬೇಡಿ.

ಪಾಲಿಸಿ ಹಾಸನ

ನಾನು ಇನ್ಶೂರೆನ್ಸ್ ಏಜೆಂಟ್. ದೆಹಲಿ ಗಾಡಿ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೀತಿದ್ದೀನಿ.

ಅಲ್ಲಿ ಅಗ್ಗ ಆಗೋದಕ್ಕೆ ಕಾರಣ ಇದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಹಾಗಾಗಿ ವಯಸ್ಸಾದ ಡೀಸೆಲ್ ಗಾಡಿಗಳು ಅಲ್ಲಿಂದ ದಕ್ಷಿಣಕ್ಕೆ ಬರೋಕೆ ಶುರುವಾದವು. 2025ರಲ್ಲಿ ಅದೇ ಕೋರ್ಟ್ ಇದನ್ನ ಒಂದಿಷ್ಟು ಸಡಿಲಿಸಿತು. 9 ಲಕ್ಷ ಅನ್ನೋದು ಬರೀ ಗಾಡಿಯ ಬೆಲೆ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ಹೊಸ ನಂಬರು ಮಾಡಿಸಬೇಕು, ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ 18%, ಅದರ ಮೇಲೆ ಸೆಸ್. ಈ ಲೆಕ್ಕ ಹಿಡಿಯೋದು ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ನೀವು ಕೊಟ್ಟ 9 ಲಕ್ಷದ ಮೇಲೆ ಅಲ್ಲ. ವಯಸ್ಸಿಗೆ ತಕ್ಕ ಹಾಗೆ ಕಡಿತ ಕೊಡ್ತಾರೆ, ಆದರೂ ಇಷ್ಟು ದೊಡ್ಡ ಕಾರಿಗೆ ಲಕ್ಷಗಟ್ಟಲೆ ಬರುತ್ತೆ. ಆರ್‌ಟಿಒದಲ್ಲಿ ಮೊತ್ತ ಕೇಳಿ, ಆಮೇಲೆ ಬ್ರೋಕರ್‌ಗೆ ಉತ್ತರ ಕೊಡಿ. ಕೆಎ 03 ಗಾಡಿಗೆ ಈ ತಾಪತ್ರಯ ಇಲ್ಲ. ಫಾರ್ಮ್ 29, 30 ಕೊಟ್ಟು ಹೆಸರು ಬದಲಾಯಿಸಿಕೊಂಡರೆ ಆಯ್ತು. ಸಾಲ ಇದ್ದರೆ ಬ್ಯಾಂಕಿನಿಂದ ಫಾರ್ಮ್ 35 ಮತ್ತು ಎನ್‌ಒಸಿ. ಆರ್‌ಸಿ 15 ವರ್ಷಕ್ಕೆ, ಅಂದರೆ 2030ರ ತನಕ. ಆಮೇಲೆ ನವೀಕರಣ.

ಇನ್ನೊಂದು. ಅವರ ಈಗಿನ ಪಾಲಿಸಿ ಕಾಪಿ ಕೇಳಿ, ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದು ವರ್ಷಕ್ಕೆ 50%. ಈ ಓನರ್ ಹತ್ತಿರ ಗಾಡಿ ತುಂಬಾ ವರ್ಷದಿಂದ ಇದ್ದೂ ಬೋನಸ್ ಸೊನ್ನೆ ಇದ್ದರೆ, ಹಿಂದಿನ ಅವಧಿಯಲ್ಲಿ ಕ್ಲೇಮ್ ಆಗಿರಬಹುದು. ಯಾತಕ್ಕೆ ಅಂತ ಕೇಳಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ದುಬಾರಿ ಕಾರುಗಳೆಷ್ಟೋ ನೀರಲ್ಲಿ ನಿಂತಿದ್ದವು. ಅಂಥವು ರಿಪೇರಿಯಾಗಿ ಮಾರುಕಟ್ಟೆಗೆ ಬಂದಿರುತ್ತವೆ. ಸೀಟ್ ಬೆಲ್ಟ್ ಕೊನೇ ತನಕ ಎಳೆದು ನೋಡಿ, ಕೆಸರಿನ ಗೆರೆ ಇದ್ದರೆ ಅಲ್ಲೇ ಕಾಣುತ್ತೆ. ಅವರ ಬೋನಸ್ ನಿಮಗೆ ಬರಲ್ಲ, ನೀವು ಮೊದಲಿಂದ ಶುರು.

ತುಂಗಾತೀರ

ಅಣ್ಣಂದಿರಾ, ತುಂಬಾ ಉಪಕಾರ ಆಯ್ತು. ದೆಹಲಿ ಬ್ರೋಕರ್‌ಗೆ ಬೇಡ ಅಂದುಬಿಟ್ಟೆ. ಮಾರುವವರು ಸರ್ವಿಸ್ ದಾಖಲೆ ತೆಗೆಸಿಕೊಡೋಕೆ ಒಪ್ಪಿದ್ದಾರೆ, 14ಕ್ಕೆ ಇಳಿದಿದ್ದಾರೆ. ಗ್ಯಾರೇಜ್ ಅಣ್ಣನಿಗೆ ಎರಡು ಪ್ರಶ್ನೆ. ಒಂದಿಷ್ಟು ಜಾಸ್ತಿ ಹಾಕಿ ಹೊಸ ಶೇಪಿನ ಉದ್ದ ಮಾಡೆಲ್, 2017ರ ನಂತರದ್ದು ತಗೊಂಡರೆ ಅಪ್ಪನಿಗೆ ಹಿಂದೆ ಕೂರೋಕೆ ಇನ್ನೂ ಆರಾಮಲ್ವಾ? ಮತ್ತೆ ಏನಾದರೂ ಆದರೆ ಪ್ರತಿಸಲ ಬೆಂಗಳೂರಿಗೇ ಬರಬೇಕಾ?

ವಿಲ್ಸನ್ ಗಾರ್ಡನ್ ಗ್ಯಾರೇಜ್

ಕೂರೋಕೆ ಆರಾಮ, ಖಂಡಿತ. ಆದರೆ ಅದರ ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ 3079 ಮಿ.ಮೀ., ನೀವು ನೋಡಿರುವ ಗಾಡಿಯದ್ದು 2874. ಇಷ್ಟು ಉದ್ದ ಆದಾಗ ಹಂಪ್ ದಾಟುವಾಗ ಹೊಟ್ಟೆ ತಾಗುತ್ತೆ. ನಿಮ್ಮ ಮಣ್ಣಿನ ದಾರಿಯ ಮಧ್ಯೆ ದಿಬ್ಬ ಎದ್ದಿದ್ದರೆ ದಿನಾ ತಳ ಉಜ್ಜುತ್ತೆ. ನಿಮ್ಮ ಜಾಗಕ್ಕೆ ಹಳೇ ಶೇಪೇ ವಾಸಿ. ತಗೊಳ್ಳೋಕೆ ಮುಂಚೆ ಆ ಒಂದು ಕಿ.ಮೀ.ಗೆ ಎರಡು ಲೋಡು ಜಲ್ಲಿ ಹಾಕಿಸಿ ಮಟ್ಟ ಮಾಡಿಸಿ. ಚಕ್ರ ಹಿಡಿದಿರೋ ಲೋವರ್ ಆರ್ಮ್, ಬಾಲ್ ಜಾಯಿಂಟು ಬದಲಾಯಿಸೋ ಖರ್ಚಿಗಿಂತ ಅದು ಕಡಿಮೆ ಬೀಳುತ್ತೆ.

ಪ್ರತಿಸಲ 300 ಕಿ.ಮೀ.ಗೂ ಮೇಲೆ ಓಡಿಸಿಕೊಂಡು ಬರಬೇಕಿಲ್ಲ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಇವನ್ನೆಲ್ಲ ಶಿವಮೊಗ್ಗದಲ್ಲಿ ಕೆಲಸ ಗೊತ್ತಿರುವವರ ಹತ್ತಿರ ಮಾಡಿಸಿ. ಸಾಮಾನು ಬೆಂಗಳೂರಿನ ಜೆಸಿ ರೋಡಿನಿಂದ ಪಾರ್ಸೆಲ್ ಹಾಕಿಸಿಕೊಳ್ಳಬಹುದು. ಬೆಂಜ್ ಡಬ್ಬಿಯೇ ಬೇಕು ಅಂತ ಇಲ್ಲ. ಮಾನ್ ಫಿಲ್ಟರ್, ಲೆಮ್‌ಫೋರ್ಡರ್ ಆರ್ಮ್, ಬಾಷ್ ಸಾಮಾನು ಹಾಕಿದರೆ ಧೈರ್ಯವಾಗಿ ಓಡಿಸಬಹುದು, ದರವೂ ಕಡಿಮೆ. ಬ್ರೇಕ್ ಪ್ಯಾಡ್ ಜೊತೆ ಸೆನ್ಸರ್ ವೈರೂ ಹೊಸದು ಹಾಕಿಸಿ. ಗೇರ್‌ಬಾಕ್ಸ್, ಚೈನ್, ಇಂಜೆಕ್ಟರ್ ಈ ಕೆಲಸಕ್ಕೆ ಮಾತ್ರ ಬೆಂಗಳೂರಿಗೆ ತನ್ನಿ. ಸ್ಕ್ಯಾನರ್ ಇಲ್ಲದವರು ಇಂಜೆಕ್ಟರ್‌ಗೆ ಕೈ ಹಾಕಬಾರದು.

14ಕ್ಕೆ ಇಳಿದಿದ್ದಾರೆ ಅಂದರೆ ಇನ್ನೂ ಇಳೀತಾರೆ. ಟೈರಿನ ಗೋಡೆ ಮೇಲಿನ ಕೊನೇ ನಾಲ್ಕು ಅಂಕಿ ನೋಡಿ, 2218 ಅಂತ ಇದ್ದರೆ 2018ರ 22ನೇ ವಾರ. ಅಷ್ಟು ಹಳೇದಾದರೆ ನಾಲ್ಕು ಟೈರಿನ ದುಡ್ಡು ಬೆಲೆಯಲ್ಲಿ ಕಡಿಮೆ ಮಾಡಿಸಿ. ಎರಡನೇ ಕೀ ಇದೆಯಾ ಕೇಳಿ. ಇದರ ಕೀ ಬೀದಿಯಲ್ಲಿ ಮಾಡಿಸೋಕೆ ಆಗಲ್ಲ. ಆರ್‌ಸಿ, ಗುರುತಿನ ಚೀಟಿ ಕೊಟ್ಟು ಕಂಪನಿಯಿಂದ ತರಿಸಬೇಕು, ಕಾಯಬೇಕು, ದುಬಾರಿ ಬೇರೆ. ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಗಾಡಿ ತರೋಕೆ ಹೇಳಿ. ಬೆಳಗ್ಗೆ ಅವರ ಮನೆಯಲ್ಲಿ ಕೋಲ್ಡ್ ಸ್ಟಾರ್ಟ್ ನೀವು ನೋಡಿಕೊಳ್ಳಿ, ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಬನ್ನಿ. ಆಮೇಲೆ ಲಿಫ್ಟ್ ಹತ್ತಿಸಿ, ಸ್ಕ್ಯಾನ್ ಹಾಕಿ, ಕೆಳಗಿನಿಂದ ಒಟ್ಟಿಗೇ ನೋಡೋಣ. ತಂದೆಯವರನ್ನೂ ಕರ್ಕೊಂಡು ಬನ್ನಿ. ಹಿಂದಿನ ಸೀಟಿಗೆ ಅವರು ಕಾಲು ಮಡಚಿ ಹತ್ತಿ ಇಳಿಯೋದು ಸುಲಭ ಆಗುತ್ತಾ ಅನ್ನೋದನ್ನ ಅಲ್ಲೇ ಒಂದು ಸಲ ನೋಡಿಬಿಡಬೇಕು.