ಡಿಸ್ಟೆಂಪರ್ ಕಾಯಿಲೆಗೆ ಕನ್ನಡದಲ್ಲಿ ಹೆಸರು ಇದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಉಡುಪಿಯಲ್ಲಿ ನಾವು ಕೆಲವರು ಕಾಯಿಲೆ ಬಿದ್ದ, ಗಾಡಿ ಬಡಿದ ಬೀದಿನಾಯಿಗಳ ಆರೈಕೆ ಮಾಡುತ್ತೇವೆ. ಅಂಗಡಿ, ರಿಕ್ಷಾ ಸ್ಟ್ಯಾಂಡ್‌ಗಳಲ್ಲಿ ಅಂಟಿಸಲು ಈಗ ಒಂದು ಕನ್ನಡ ಚೀಟಿ ಬರೆಯುತ್ತಿದ್ದೇವೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಹೆಸರಿಗೆ ಬಂದು ನಿಂತಿದ್ದೇವೆ. ಇದಕ್ಕೆ ನಮ್ಮ ಕಡೆ ಏನನ್ನುತ್ತಾರೆ?

ದನಕ್ಕಾದರೆ ಹೆಸರಿಗೆ ಬರವಿಲ್ಲ. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗ, ಕೆಚ್ಚಲು ಬಾವು. ಹಟ್ಟಿಯಲ್ಲಿ ನೋಡಿ ನೋಡಿ ಇಟ್ಟ ಹೆಸರುಗಳು. ನಾಯಿಗೆ ನನಗೆ ಸಿಕ್ಕಿದ್ದು ಎರಡೇ. ಮೈ ಕೆಟ್ಟರೆ ಕಜ್ಜಿ, ತಲೆ ಕೆಟ್ಟರೆ ಹುಚ್ಚು. ತುಳುವಿನಲ್ಲೂ ‘ಮರ್ಲ್ ನಾಯಿ’ ಅಂತಲೇ.

ಡಿಸ್ಟೆಂಪರ್ ಶುರುವಾಗುವುದು ಜ್ವರದಿಂದ. ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ, ಕೆಮ್ಮು, ಭೇದಿ. ಕೆಲವಕ್ಕೆ ಪಾದದ ಅಡಿ ಗಟ್ಟಿಯಾಗುತ್ತದೆ. ವೈರಸ್ ಮಿದುಳಿಗೆ ಹೋದರೆ ಕಾಲು ಅದುರುತ್ತದೆ, ಫಿಟ್ಸ್ ಬರುತ್ತದೆ, ಏನೋ ಜಗಿಯುವ ಹಾಗೆ ದವಡೆ ಆಡಿ ಬಾಯಲ್ಲಿ ನೊರೆ ಬರುತ್ತದೆ. ನೊರೆ ಕಂಡ ಕೂಡಲೇ ‘ಹುಚ್ಚುನಾಯಿ’ ಎಂಬ ಕೂಗು ಏಳುತ್ತದೆ, ಕಲ್ಲು ಬೀಳುತ್ತದೆ. ಆ ಒಂದು ಮಾತಿಗೆ ಎಷ್ಟೋ ಮರಿಗಳು ಸಾಯುತ್ತವೆ. ಇದು ದಡಾರದ ವೈರಸ್ಸಿಗೆ ಹತ್ತಿರದ ಸಂಬಂಧಿ, ಆದರೆ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ರೇಬೀಸ್, ಅಂದರೆ ನಿಜವಾದ ಹುಚ್ಚುನಾಯಿ ರೋಗ, ಬೇರೆಯೇ ವೈರಸ್ಸಿನದು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ನಾಯಿ ಉಳಿಯುವುದಿಲ್ಲ. ಡಿಸ್ಟೆಂಪರ್ ಬಂದವುಗಳಲ್ಲಿ ಕೆಲವು ಉಳಿಯುತ್ತವೆ, ಕಾಲಿನ ನಡುಕ ಮಾತ್ರ ಕೆಲವೊಮ್ಮೆ ಹೋಗುವುದೇ ಇಲ್ಲ.

ಹೊರಗಿನಿಂದ ನೋಡಿ ಇದು ಯಾವುದು ಎಂದು ಹೇಳುವುದು ಡಾಕ್ಟರಿಗೂ ಕಷ್ಟ. ಹಾಗಾಗಿ ಹೊಸ ಹೆಸರು ಕೇಳಿ ಜನ ಬರಿಗೈಯಲ್ಲಿ ಮುಟ್ಟಲು ಹೋಗುವಂತೆಯೂ ಆಗಬಾರದು, ಅಲ್ವಾ? ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು ಎಂಬುದು ಚೀಟಿಯ ಮೇಲ್ಗಡೆಯೇ ಇರುತ್ತದೆ.

‘ನಡುಕಜ್ವರ’ ಎಂಬ ಸಲಹೆ ಬಂದಿದೆ. ಕೇಳಿದರೆ ಮಲೇರಿಯಾ ನೆನಪಾಗುತ್ತದೆ, ಮಂಗಳೂರಿನವರಿಗಂತೂ ಜಾಸ್ತಿ. ‘ನಾಯಿ ದಡಾರ’ ವೈರಸ್ಸಿನ ಲೆಕ್ಕದಲ್ಲಿ ಸರಿ, ಆದರೆ ಮಕ್ಕಳಿಗೆ ಅಂಟುತ್ತದೆ ಎಂದು ಸುಮ್ನೆ ಹೆದರಿಕೆ ಹುಟ್ಟಿಸುತ್ತದೆ. ಕುಂದಾಪುರ, ಕಾರ್ಕಳ, ಸುಳ್ಯದ ಕಡೆ ತೋಟ ಕಾಯಲು ನಾಯಿ ಸಾಕಿದ ಮನೆಗಳಲ್ಲಿ ಹಿರಿಯರು ಏನಾದರೂ ಹೆಸರು ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ. ತುಳು, ಕೊಂಕಣಿ, ಬ್ಯಾರಿ ಮಾತಾದರೂ ಸರಿ. ಯಾವ ಊರಲ್ಲಿ ಕೇಳಿದ್ದು, ಮರಿಗಳಿಗೆ ಮಾತ್ರ ಹೇಳುತ್ತಿದ್ದರೋ ದೊಡ್ಡ ನಾಯಿಗೂ ಹೇಳುತ್ತಿದ್ದರೋ ಅಂತಲೂ ಬರೆಯಿರಿ.