ರಕ್ತ ಬೀಳುತ್ತೆ, ಆದ್ರೆ ನೋವಿಲ್ಲ: ಇದು ಪೈಲ್ಸಾ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಟಾಯ್ಲೆಟ್‌ಗೆ ಹೋದಾಗ ಕೊನೆಯಲ್ಲಿ ಕೆಂಪು ರಕ್ತ ಹನಿ ಹನಿಯಾಗಿ ಬೀಳುತ್ತಿದೆ. ನೋವು ಸ್ವಲ್ಪವೂ ಇಲ್ಲ. ನೋವಿಲ್ಲ ಅಂದ್ಮೇಲೆ ಪೈಲ್ಸ್ ಅಲ್ಲ ಅಲ್ವಾ? ಯಾರಿಗಾದರೂ ತೋರಿಸೋಕೆ ಸಂಕೋಚ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಸಂಕೋಚದಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ನರಳುತ್ತಾರೆ.

ನೋವಿಲ್ಲದೆ ರಕ್ತ ಬೀಳುವುದೇ ಒಳಗಿನ ಪೈಲ್ಸ್‌ನ ಮುಖ್ಯ ಲಕ್ಷಣ. ಗುದದ್ವಾರದ ಒಳಗೆ ರಕ್ತನಾಳಗಳು ತುಂಬಿದ ಮೆತ್ತನೆಯ ಭಾಗ ಎಲ್ಲರಿಗೂ ಇರುತ್ತದೆ. ತಿಣುಕಿ ತಿಣುಕಿ ಅದು ಊದಿಕೊಂಡು ಕೆಳಗೆ ಜಾರಿದಾಗ ಅದನ್ನು ಪೈಲ್ಸ್ ಅನ್ನುತ್ತೇವೆ. ಅಲ್ಲಿ ನೋವು ತಿಳಿಸುವ ನರಗಳಿಲ್ಲ, ಅದಕ್ಕೇ ನಿಮಗೆ ನೋವಾಗುತ್ತಿಲ್ಲ. ಕ್ರಮೇಣ ಗಂಟು ಹೊರಗೆ ಬರಬಹುದು. ಮೊದಮೊದಲು ತಾನೇ ಒಳಗೆ ಹೋಗುತ್ತದೆ, ಆಮೇಲೆ ಬೆರಳಿನಿಂದ ತಳ್ಳಬೇಕಾಗುತ್ತದೆ. ತುರಿಕೆ, ಲೋಳೆ, ಒದ್ದೆ ಒದ್ದೆ ಅನಿಸುವುದೂ ಇರುತ್ತದೆ.

ಮಲ ಹೋಗುವಾಗ ಕೊಯ್ದ ಹಾಗೆ ನೋವು, ಆಮೇಲೂ ತುಂಬಾ ಹೊತ್ತು ಉರಿ ಇದ್ದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಚರ್ಮದ ಸೀಳು. ಎರಡನ್ನೂ ಜನ ಪೈಲ್ಸ್ ಅಂತಲೇ ಕರೆಯುತ್ತಾರೆ, ಚಿಕಿತ್ಸೆ ಮಾತ್ರ ಬೇರೆ.

ಹಾಗಂತ ರಕ್ತ ನೋಡಿ ನೀವೇ ಪೈಲ್ಸ್ ಅಂತ ತೀರ್ಮಾನಿಸಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಹೋಗಬಹುದು. ಒಮ್ಮೆ ಪರೀಕ್ಷೆ ಮಾಡಿಸಿ. ತೂಕ ಇಳಿಯುತ್ತಿದ್ದರೆ, ಸುಸ್ತಿದ್ದರೆ, ಮಲ ಹೋಗುವ ರೀತಿಯೇ ಬದಲಾಗಿದ್ದರೆ, ಮನೆಯವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ತಡ ಮಾಡಲೇಬೇಡಿ. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿದ್ದರೆ ರಕ್ತ ಬರುತ್ತಿರುವುದು ಹೆಚ್ಚಾಗಿ ಹೊಟ್ಟೆಯ ಮೇಲ್ಭಾಗದಿಂದ. ಆಗ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರ ಪ್ರಶ್ನೆ: ಸರ್, ನನಗೆ ರಕ್ತ ಇಲ್ಲ. ನಿನ್ನೆಯಿಂದ ಗುದದ್ವಾರದ ಪಕ್ಕ ಗಟ್ಟಿ ಗಂಟು, ಕೂರೋಕೇ ಆಗ್ತಿಲ್ಲ.

ಉತ್ತರ: ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮೊದಲ 2-3 ದಿನ ನೋವು ಜಾಸ್ತಿ. ಆ ಅವಧಿಯೊಳಗೆ ಸರ್ಜನ್ ಹತ್ತಿರ ಹೋದರೆ ಹೆಪ್ಪನ್ನು ತೆಗೆಯಬಹುದು. ತಡವಾದರೂ ಅದು ನಿಧಾನವಾಗಿ ಕರಗುತ್ತದೆ. ಜ್ವರ, ಕೀವು ಇದ್ದರೆ ಕಾಯಬೇಡಿ.

ಮೊದಲು ಕೇಳಿದವರು: ಕ್ರೀಮ್ ಹಚ್ಚಿದ್ರೆ ಸಾಕಾ ಡಾಕ್ಟ್ರೇ?

ಉತ್ತರ: ಕ್ರೀಮ್‌ನಿಂದ ತುರಿಕೆ, ಉರಿ ಕಡಿಮೆಯಾಗುತ್ತದೆ, ಅಷ್ಟೇ. ಸ್ಟೀರಾಯ್ಡ್ ಇರುವುದನ್ನು ಒಂದು ವಾರಕ್ಕಿಂತ ಹೆಚ್ಚು ಹಚ್ಚಬೇಡಿ, ಚರ್ಮ ತೆಳ್ಳಗಾಗುತ್ತದೆ. ಮಲ ಮೆತ್ತಗಾಗಬೇಕು, ಮುಖ್ಯ ಅದೇ. ನಾರಿನಂಶ ದಿನಕ್ಕೆ 25-30 ಗ್ರಾಂ ಸೇರಲಿ, ನೀರು ಚೆನ್ನಾಗಿ ಕುಡಿಯಿರಿ. ಫೋನ್ ಹಿಡಿದು ಟಾಯ್ಲೆಟ್‌ನಲ್ಲಿ ಕೂರಬೇಡಿ. ಇಷ್ಟಾದರೂ ರಕ್ತ ನಿಲ್ಲದಿದ್ದರೆ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ರಕ್ತ ಸಿಗದೆ ಗಂಟು ಒಣಗಿ ಕೆಲವು ದಿನಗಳಲ್ಲಿ ಉದುರುತ್ತದೆ. ಸಾಮಾನ್ಯವಾಗಿ ಅಡ್ಮಿಟ್ ಆಗುವುದೂ ಬೇಕಿಲ್ಲ.