ಪ್ರೆಸೆಂಟ್ಲಿ ಅಂದ್ರೆ ಈಗಲೋ, ಆಮೇಲೋ?

ತೀರ್ಥಹಳ್ಳಿ_ತೋಟ

ಒಂದು ಇಂಗ್ಲಿಷ್ ಪದ ತಲೆ ತಿನ್ನುತ್ತಿದೆ. ಪ್ರೆಸೆಂಟ್ಲಿ. ಮಗಳು ಒಂಬತ್ತನೇ ಕ್ಲಾಸು. ಅವಳು ಲೈಬ್ರರಿಯಿಂದ ತಂದ ಹಳೇ ಕಥೆಪುಸ್ತಕದಲ್ಲಿ ಒಬ್ಬ ಬಾಗಿಲ ಗಂಟೆ ಬಾರಿಸುತ್ತಾನೆ, 'ಪ್ರೆಸೆಂಟ್ಲಿ' ಕೆಲಸದವಳು ಬಂದು ಬಾಗಿಲು ತೆಗೆಯುತ್ತಾಳೆ. ಅಲ್ಲಿ ಅರ್ಥ 'ಸ್ವಲ್ಪ ಹೊತ್ತಿಗೆ'. ಅದೇ ವಾರ ಬ್ಯಾಂಕಿನಿಂದ ಬೆಳೆಸಾಲದ ಕಾಗದ ಬಂತು, ಬಡ್ಡಿ 'ಪ್ರೆಸೆಂಟ್ಲಿ' ಇಷ್ಟು ಅಂತ. ಇಲ್ಲಿ ಅರ್ಥ 'ಈಗ'. ಡಿಕ್ಷನರಿ ತೆಗೆದರೆ ಅದು ಎರಡನ್ನೂ ಬರೆದು ಕೈ ತೊಳೆದುಕೊಂಡಿದೆ. ಈಗ ಅನ್ನುವುದಕ್ಕೂ ಈಗಲ್ಲ ಅನ್ನುವುದಕ್ಕೂ ಒಂದೇ ಪದ ಅಂದ್ರೆ ಹೇಗೆ ಮಾರಾಯ್ರೆ? ಅಮೆರಿಕದವರು ಕೆಡಿಸಿದ್ದು ಅಂತ ಅವಳ ಶಾಲೆಯಲ್ಲಿ ಹೇಳಿದರಂತೆ. ಹೌದಾ? ಯಾವುದು ಸರಿ?

ಮೇಷ್ಟ್ರು_ಶಿವಮೊಗ್ಗ

ಎರಡೂ ಸರಿ. ಅಮೆರಿಕದವರನ್ನು ಬೈಯಬೇಕಾಗಿಲ್ಲ. 'ಈಗ' ಅನ್ನುವ ಅರ್ಥವೂ ಹದಿನೈದನೇ ಶತಮಾನದಷ್ಟು ಹಳೆಯದು. ಆಗ ಅಮೆರಿಕದಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇರಲಿಲ್ಲ. ಮುಂದೆ ಇಂಗ್ಲೆಂಡಿನಲ್ಲಿ ಪುಸ್ತಕ ಬರೆಯುವವರು ಅದನ್ನು ಕೈಬಿಟ್ಟರು. ಸ್ಕಾಟ್ಲೆಂಡಿನಲ್ಲಿ, ಹಳ್ಳಿಗಳ ಮಾತಿನಲ್ಲಿ, ಆಮೇಲೆ ಅಮೆರಿಕದಲ್ಲಿ ಉಳಿದುಕೊಂಡಿತು.

ಮಜಾ ಇರುವುದು ಮೂರನೇ ಅರ್ಥದಲ್ಲಿ. ಅದು ಈಗ ಸತ್ತುಹೋಗಿದೆ. ಲ್ಯಾಟಿನ್ನಿನಲ್ಲಿ ಇದರ ಬೇರು 'ಎದುರಿಗೆ ಇರುವುದು'. ಎದುರಿಗೇ ಇರುವ ಹೊತ್ತಿನಲ್ಲಿ ಅಂದರೆ ತಕ್ಷಣ, ನಿಂತ ಕಾಲಲ್ಲೇ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯೇಸು ಅಂಜೂರದ ಮರಕ್ಕೆ ಶಾಪ ಕೊಡುತ್ತಾನೆ, ಮರ 'ಪ್ರೆಸೆಂಟ್ಲಿ' ಒಣಗುತ್ತದೆ. ಇದನ್ನು ನಿಮ್ಮ ಮಗಳ ಕಥೆಪುಸ್ತಕದ ಅರ್ಥದಲ್ಲಿ ಓದಿದರೆ ಮರ ನಿಧಾನಕ್ಕೆ ಒಣಗಿತು ಅಂತಾಗಿ ಪವಾಡವೇ ಹೋಗಿಬಿಡುತ್ತದೆ! ಅಲ್ಲಿ ಹೇಳಿರುವುದು ಕಣ್ಣೆದುರೇ ಒಣಗಿತು ಅಂತ.

ಅದೇ ಬೈಬಲ್ಲಿನಲ್ಲಿ ಹೆರೋದ್ಯಳ ಮಗಳು ಕುಣಿದು ರಾಜನನ್ನು ಮೆಚ್ಚಿಸಿ, ಯೋಹಾನನ ತಲೆಯನ್ನು ತಟ್ಟೆಯಲ್ಲಿಟ್ಟು 'ಬೈ ಅಂಡ್ ಬೈ' ಕೊಡು ಅನ್ನುತ್ತಾಳೆ. ಈಗಿನ ಇಂಗ್ಲಿಷಿನಲ್ಲಿ ಬೈ ಅಂಡ್ ಬೈ ಅಂದರೆ 'ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು'. ತಲೆ ಕಡಿಸುವವಳು ಅಷ್ಟು ಪುರುಸೊತ್ತಿನಲ್ಲಿ ಇರುತ್ತಾಳಾ? ಆ ಕಾಲಕ್ಕೆ ಅದರ ಅರ್ಥ 'ಈಗಿಂದೀಗಲೇ'.

ಸೂನ್ ಕೂಡ ಹೀಗೇ. ಸಾವಿರ ವರ್ಷದ ಹಿಂದೆ ಅದು 'ಸೋನ'. ಅರ್ಥ, ತಕ್ಷಣ. ಆ ಹಳೇ ಅರ್ಥದ ಗುರುತು 'ಆಸ್ ಸೂನ್ ಆಸ್' ಅನ್ನುವಲ್ಲಿ ಇನ್ನೂ ಉಳಿದಿದೆ ನೋಡಿ. ಮಳೆ ನಿಂತ ಕೂಡಲೇ ಅಂತಲ್ವಾ ಅದರ ಅರ್ಥ, ಮಳೆ ನಿಂತು ಸ್ವಲ್ಪ ಹೊತ್ತಾದ ಮೇಲೆ ಅಂತ ಅಲ್ಲ.

ತೀರ್ಥಹಳ್ಳಿ_ತೋಟ

ಅಂದ್ರೆ 'ತಕ್ಷಣ' ಅಂತ ಹುಟ್ಟಿದ ಪದಗಳೆಲ್ಲ 'ಆಮೇಲೆ' ಅಂತ ಆಗಿವೆ. ಯಾಕೆ ಹೀಗೆ?

ಮೇಷ್ಟ್ರು_ಶಿವಮೊಗ್ಗ

ಜನ ಹೇಳಿದ ಹಾಗೆ ಮಾಡುವುದಿಲ್ಲವಲ್ಲ, ಅದಕ್ಕೆ.

ಶೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕದ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಅಂತ ಒಬ್ಬ ಹುಡುಗ, ಹೆಂಡದ ಅಂಗಡಿಯ ಮಾಣಿ. ರಾಜಕುಮಾರ ಅವನನ್ನು ಮಾತಿನಲ್ಲಿ ಹಿಡಿದು ನಿಲ್ಲಿಸುತ್ತಾನೆ, ರಾಜಕುಮಾರನ ಗೆಳೆಯ ಒಳಗಿನಿಂದ ಫ್ರಾನ್ಸಿಸ್, ಫ್ರಾನ್ಸಿಸ್ ಅಂತ ಕೂಗುತ್ತಲೇ ಇರುತ್ತಾನೆ, ಪಾಪ ಈ ಹುಡುಗ ಇತ್ತ ಬಿಡಲೂ ಆಗದೆ ಅತ್ತ ಹೋಗಲೂ ಆಗದೆ 'ಅನಾನ್, ಅನಾನ್ ಸರ್' ಅಂತ ಅನ್ನುತ್ತಲೇ ನಿಂತಿರುತ್ತಾನೆ. ಅನಾನ್ ಅಂದರೆ ಮೂಲದಲ್ಲಿ 'ಒಂದರಲ್ಲೇ', ಅಂದರೆ ಒಂದೇ ಏಟಿಗೆ, ಕೂಡಲೇ. ಆದರೆ ಹುಡುಗ ಹೋಗುವುದೇ ಇಲ್ಲ! ಪದದ ಅರ್ಥ ಸವೆಯುವುದನ್ನು ಕಣ್ಣಾರೆ ನೋಡಬೇಕಾದರೆ ಆ ದೃಶ್ಯ ಓದಿ. ಮೇಲಿಂದ ಮೇಲೆ ಹೀಗೆ ಆದರೆ ಕೇಳಿಸಿಕೊಳ್ಳುವವರು 'ಓಹೋ, ಅನಾನ್ ಅಂದ್ರೆ ಸ್ವಲ್ಪ ಕಾಯಬೇಕು' ಅಂತ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಮಕ್ಕಳು ಆ ಲೆಕ್ಕವನ್ನೇ ಅರ್ಥ ಅಂತ ಕಲಿಯುತ್ತಾರೆ.

ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಕೂತು ನೋಡಿ. ಮಾಣಿ ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸುತ್ತಾ, ನಿಮ್ಮ ಮುಖ ನೋಡದೆಯೇ 'ಬಂದೆ ಸಾರ್' ಅನ್ನುತ್ತಾನೆ. ಬಂದೆ! ಭೂತಕಾಲ! ಇನ್ನೂ ಹೊರಟೇ ಇಲ್ಲ.

ಅಡಿಕೆ_ರಾಶಿ

ನಮ್ಮ ಕಡೆ ಅಡಿಕೆ ಕೊನೆ ಕೊಯ್ಯುವವರು 'ಇಕಾ ಬಂದೆ' ಅಂದರೆ ನಾಡಿದ್ದು ಅಂತ. ಇದನ್ನೂ ಡಿಕ್ಷನರಿಗೆ ಸೇರಿಸಿ ಮೇಷ್ಟ್ರೇ 😀

ಸಾಗರದ_ಅಕ್ಕ

ತಮಾಷೆ ಹಾಗಿರಲಿ, ಇದೇ ಜಾಡಿನಲ್ಲಿ ಹೋದ ಪದ ನಮ್ಮಲ್ಲೂ ಒಂದಿದೆ. ಸದ್ಯ. ಸಂಸ್ಕೃತದಲ್ಲಿ 'ಸದ್ಯಃ' ಅಂದರೆ ಅದೇ ದಿನ, ಕೂಡಲೇ. ಶಿವನ ಐದು ಮುಖಗಳಲ್ಲಿ ಸದ್ಯೋಜಾತ ಒಂದು, ಆಗಷ್ಟೇ ಹುಟ್ಟಿದವನು ಅಂತ ಅರ್ಥ. (ನಮ್ಮೂರ ಹತ್ತಿರದ ಇಕ್ಕೇರಿ ದೇವಸ್ಥಾನದ ಅಘೋರೇಶ್ವರನ ಹೆಸರೂ ಆ ಐದರಲ್ಲಿ ಒಂದು, ಬಂದವರು ಕೆತ್ತನೆ ನೋಡಿ ಹೋಗುತ್ತಾರೆ, ಹೆಸರು ಯಾಕೆ ಅಂತ ಯಾರೂ ಕೇಳುವುದಿಲ್ಲ.) ಈಗ ಕನ್ನಡದಲ್ಲಿ 'ಸದ್ಯ ಸಾಗರದಲ್ಲಿದ್ದೇನೆ' ಅಂದರೆ ಈಗ. 'ಸದ್ಯದಲ್ಲೇ ಬರ್ತೇನೆ' ಅಂದರೆ ಸ್ವಲ್ಪ ದಿನ ಬಿಟ್ಟು. ಇಂಗ್ಲಿಷಿನ ಆ ಪದಕ್ಕೆ ಆದದ್ದೇ ಇದಕ್ಕೂ ಆಗಿದೆ, ಮೂರು ಅರ್ಥವೂ ಅವೇ. ಮೇಲಿಂದ 'ಸದ್ಯ, ಕರೆಂಟ್ ಬಂತು' ಅಂತ ನಿಟ್ಟುಸಿರಿಗೂ ಇದನ್ನೇ ಬಳಸುತ್ತೇವೆ. ಇಂಗ್ಲಿಷಿನವರಿಗೆ ಆ ಭಾಗ್ಯ ಇಲ್ಲ.

ಹಾಗಂತ ನಾವ್ಯಾರೂ ಗಲಿಬಿಲಿ ಆಗುವುದಿಲ್ಲ, ಅಲ್ವಾ? 'ಈಗ ಹೋದ್ರು', 'ಈಗ ಬರ್ತಾರೆ' ಎರಡರಲ್ಲೂ ಈಗ ಒಂದೇ. ಕ್ರಿಯಾಪದ ನೋಡಿದರೆ ಯಾವ ಈಗ ಅಂತ ಗೊತ್ತಾಗುತ್ತದೆ. ಪ್ರೆಸೆಂಟ್ಲಿಯನ್ನೂ ಹಾಗೇ ಓದಬೇಕು ಅಂತ ನನಗನಿಸುತ್ತದೆ. 'ಈಸ್', 'ಆರ್' ಜೊತೆ ಬಂದರೆ ಸಾಮಾನ್ಯವಾಗಿ ಈಗ. 'ವಿಲ್' ಜೊತೆ ಬಂದರೆ ಆಮೇಲೆ. ಕಥೆಯಲ್ಲಿ ಒಂದು ಘಟನೆ ಆಗಿ ಮುಂದಿನದು ಶುರುವಾಗುವಾಗ ಬಂದರೆ 'ಸ್ವಲ್ಪ ಹೊತ್ತಿಗೆ'. ತುಂಬ ಹಳೇ ಪುಸ್ತಕವಾದರೆ ಮಾತ್ರ 'ತಕ್ಷಣ' ಇರಬಹುದಾ ಅಂತ ಒಮ್ಮೆ ಅನುಮಾನ ಪಡಬೇಕು.

ಕೊಪ್ಪ_ನೈಟ್‌ಶಿಫ್ಟ್

ಅಮೆರಿಕದವರ ಜೊತೆ ರಾತ್ರಿ ಕಾಲ್‌ನಲ್ಲಿ ಕೂರುವವನಾಗಿ ಒಂದು ಮಾತು. ಪ್ರೆಸೆಂಟ್ಲಿಗಿಂತ ಜಾಸ್ತಿ ಕಾಟ ಕೊಡುವುದು ಮೊಮೆಂಟರಿಲಿ. ಬ್ರಿಟಿಷರಿಗೆ ಅದು 'ಒಂದು ಕ್ಷಣದ ಮಟ್ಟಿಗೆ', ಅಮೆರಿಕದವರಿಗೆ 'ಇನ್ನೊಂದು ಕ್ಷಣದಲ್ಲಿ'. ವಿಮಾನ ಮೊಮೆಂಟರಿಲಿ ಇಳಿಯುತ್ತದೆ ಅಂತ ಅಮೆರಿಕದವರು ಹೇಳಿದರೆ ಬ್ರಿಟಿಷರು 'ಒಂದೇ ಕ್ಷಣ ಇಳಿಯೋದಾದ್ರೆ ನಾವು ಹೇಗೆ ಇಳಿಯೋದು' ಅಂತ ಜೋಕ್ ಮಾಡುತ್ತಾರೆ.

ಇನ್ನೊಂದು, ಈ 'ಕ್ಷಣ'ಕ್ಕೂ ಹಿಂದೆ ಅಳತೆ ಇತ್ತು. ಮಧ್ಯಯುಗದ ಯುರೋಪಿನಲ್ಲಿ ಗಂಟೆಗೆ 40 ಮೊಮೆಂಟ್ ಅಂತ ಲೆಕ್ಕ, ಈಗಿನ ಗಡಿಯಾರದಲ್ಲಿ ಸುಮಾರು 90 ಸೆಕೆಂಡ್. ನಮ್ಮ ಗಳಿಗೆ 24 ನಿಮಿಷ, ದಿನಕ್ಕೆ 60. ಅಜ್ಜಿ 'ಒಂದ್ ಗಳಿಗೆ ಕೂತ್ಕ' ಅಂದಾಗ ಯಾರೂ ಗಡಿಯಾರ ನೋಡುವುದಿಲ್ಲ, ಅದು ಬೇರೆ ಮಾತು.

ನನ್ನ ಸಲಹೆ ಇಷ್ಟೇ. ನೀವು ಬರೆಯುವಾಗ ಈ ಪದವನ್ನು ಬಿಟ್ಟುಬಿಡಿ. ಈಗ ಅನ್ನಬೇಕಾದರೆ ನೌ ಅಥವಾ ಕರೆಂಟ್ಲಿ. ಆಮೇಲೆ ಅನ್ನಬೇಕಾದರೆ ಸೂನ್ ಅಥವಾ ಶಾರ್ಟ್ಲಿ. ಇಮೇಲ್‌ನಲ್ಲಿ ಪ್ರೆಸೆಂಟ್ಲಿ ಹಾಕಿದರೆ ಲಂಡನ್ನಿನವರು ಒಂದು ಅರ್ಥ ಮಾಡಿಕೊಳ್ಳುತ್ತಾರೆ, ಚಿಕಾಗೋದವರು ಇನ್ನೊಂದು, ಮಧ್ಯೆ ನಾವು ರಾತ್ರಿ ಎರಡು ಗಂಟೆಗೆ ಸಮಜಾಯಿಷಿ ಕೊಡುತ್ತಾ ಕೂರಬೇಕು.

ಮೇಷ್ಟ್ರು_ಶಿವಮೊಗ್ಗ

ಬರೆಯುವಾಗ ಬಿಡಿ, ಒಪ್ಪಿದೆ. ಆದರೆ ಮಗಳಿಗೆ ಓದುವಾಗ ಬಿಡಬೇಡ ಅನ್ನಿ. ಹಳೇ ಕಥೆಗಳಲ್ಲಿ ಈ ಪದ ಪುಟಕ್ಕೊಂದು ಸಿಗುತ್ತದೆ. 'ಈಗ' ಅಂತ ಓದಿಕೊಂಡು ಹೋದರೆ ಕಥೆಯ ಲಯವೇ ತಪ್ಪುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಎರಡೂ ಅರ್ಥ ಬರೆದು ಒಂದೊಂದು ವಾಕ್ಯ ಕೊಡಲಿ, ಯಾರೂ ತಪ್ಪು ಹಾಕಲಾರರು. ಅಕ್ಕ ಹೇಳಿದ ಕ್ರಿಯಾಪದದ ಉಪಾಯ ಚೆನ್ನಾಗಿದೆ, ನಾಳೆ ಕ್ಲಾಸಿನಲ್ಲಿ ನಾನೂ ಹೇಳುತ್ತೇನೆ.

ತೀರ್ಥಹಳ್ಳಿ_ತೋಟ

ತುಂಬ ಥ್ಯಾಂಕ್ಸ್ ಎಲ್ಲರಿಗೂ. ಮಗಳಿಗೆ ಓದಿ ಹೇಳಿದೆ, ತಲೆ ಕಡಿಸುವ ಕಥೆ ಮಾತ್ರ ಅವಳಿಗೆ ಪೂರ್ತಿ ಬೇಕಂತೆ. ಈ ಉಪಾಯ ಇಟ್ಟುಕೊಂಡು ಬ್ಯಾಂಕಿನ ಕಾಗದ ಮತ್ತೆ ತೆಗೆದೆ. ಕೆಳಗೆ ಇನ್ನೊಂದು ಸಾಲು ಇತ್ತು, ಮೊದಲು ಗಮನಿಸಿರಲಿಲ್ಲ. ಬಡ್ಡಿ ದರ 'ವಿಲ್ ಪ್ರೆಸೆಂಟ್ಲಿ ಬಿ ರಿವೈಸ್ಡ್' ಅಂತೆ. ಇದು ಆಮೇಲೆ ಅನ್ನುವ ಅರ್ಥದ್ದು ತಾನೇ?

ಸಾಗರದ_ಅಕ್ಕ

ಹೌದು, ಆಮೇಲೆಯದ್ದೇ. ಎಷ್ಟು ಆಮೇಲೆ ಅನ್ನುವುದು ಆ ಪದದಲ್ಲಿ ಇಲ್ಲ. ನಾಳೆಯೇ ಬ್ರಾಂಚಿಗೆ ಹೋಗಿ ತಾರೀಕು ಕೇಳಿ, ಬರೆಸಿಕೊಳ್ಳಿ. ಜಾಸ್ತಿ ಆಗುತ್ತದೋ ಕಮ್ಮಿ ಆಗುತ್ತದೋ ಅಂತಲೂ ಕೇಳಿ. ರಿವೈಸ್ ಅನ್ನುವುದು ಅದನ್ನೂ ಹೇಳುವುದಿಲ್ಲ.